ಬಚ್ಚಲಿನ ಬಾಟಲಿಗೊಂದು ಚೀಟಿ ಬೇಕು

ಧಾರವಾಡದ ಜಿಲ್ಲಾಧಿಕಾರಿಗಳಿಗೆ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಹಾಗೆಯೇ ಈ ಎರಡೂ ಊರುಗಳಲ್ಲಿ ಬಚ್ಚಲು ತೊಳೆಯುವ ಎಲ್ಲರಿಗೆ

ಮಾನ್ಯರೆ,

ನಾನು ಧಾರವಾಡದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 31 ವರ್ಷ ಸಹಾಯಕನಾಗಿದ್ದು ನಿವೃತ್ತನಾದವನು. ಪಾಠ ಹೇಳಿದವನಲ್ಲ, ಬಾಟಲಿ ತೊಳೆದವನು, ತುಂಬಿದವನು, ಚೀಟಿ ಬರೆದು ಅಂಟಿಸಿದವನು. ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿಕೊಟ್ಟ ನಿಯಮ ಒಂದೇ: ಚೀಟಿ ಇಲ್ಲದ ಬಾಟಲಿಯನ್ನು ಯಾರೂ ಬಳಸಬಾರದು. ಒಳಗಿರುವುದು ಬರೀ ನೀರೇ ಆಗಿರಬಹುದು, ಆದರೂ ಬಳಸಬಾರದು. ಒಮ್ಮೆ ಹೊಸ ಅಧ್ಯಾಪಕರೊಬ್ಬರು ಚೀಟಿ ಉದುರಿದ ಬಾಟಲಿಯ ಬಿರಡೆ ತೆಗೆದು ಮೂಸಿ ನೋಡಹೋದರು. ವಿಭಾಗದ ಮುಖ್ಯಸ್ಥರು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಏನೂ ಮಾತಾಡದೆ ನನ್ನ ಕೈಗಿತ್ತರು. ಆ ವಾರವೆಲ್ಲ ಅಧ್ಯಾಪಕರು ನನ್ನ ಮುಖ ನೋಡಲಿಲ್ಲ.

ಈ ಪತ್ರಕ್ಕೆ ಕಾರಣ ಕಳೆದ ನಾಗರ ಪಂಚಮಿ. ಗದಗಿನಲ್ಲಿರುವ ತಂಗಿ ಹಬ್ಬಕ್ಕೆಂದು ನಾಲ್ಕು ದಿನ ಮೊದಲೇ ತವರಿಗೆ ಬಂದಿದ್ದಳು. ಉಂಡಿಗೆ ಹಿಟ್ಟು ಹುರಿಯುವ ಮುಂಚೆ ಮನೆ ತೊಳೆದುಬಿಡೋಣ ಎಂದು ಸೀರೆ ಎತ್ತಿಕಟ್ಟಿ ಬಚ್ಚಲಿಗೆ ಇಳಿದಳು. ನಮ್ಮಲ್ಲಿ ನಳದ ನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ. ಉಳಿದದ್ದಕ್ಕೆಲ್ಲ ಕೊಳವೆಬಾವಿಯ ಗಡಸು ನೀರು. ಆ ನೀರು ಬಿದ್ದಲ್ಲೆಲ್ಲ ಸುಣ್ಣದಂಥ ಬಿಳಿ ಪೊರೆ ಕೂರುತ್ತದೆ, ಸಾಬೂನಿಗೂ ಜಗ್ಗುವುದಿಲ್ಲ, ಬ್ರಷ್ಷಿಗೂ ಜಗ್ಗುವುದಿಲ್ಲ. ಅದಕ್ಕೆಂದೇ ನನ್ನ ಹೆಂಡತಿ ಸ್ಕೂಟರಿನ ಮೇಲೆ ಮಾರುತ್ತ ಬರುವವನಿಂದ ಒಂದು ಬಾಟಲಿ 'ಬಾತ್‌ರೂಮ್ ಆಸಿಡ್' ಕೊಂಡಿಟ್ಟಿದ್ದಳು. ತಂಗಿ ಅದನ್ನು ಸುರಿದಳು. ನೊರೆ ಎದ್ದಿತು, ಅರ್ಧ ಪೊರೆ ಹೋಯಿತು, ಅರ್ಧ ಉಳಿಯಿತು. ಉಳಿದದ್ದಕ್ಕೆ ಇರಲಿ ಎಂದು ಮೂಲೆಯಲ್ಲಿದ್ದ ಬ್ಲೀಚಿಂಗ್ ಪುಡಿಯ ಪೊಟ್ಟಣ ಹರಿದು ಮೇಲೆ ಉದುರಿಸಿದಳು.

ನಾನು ಅಂಗಳದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ನನ್ನ ಮೂಗು ಆ ವಾಸನೆಯನ್ನು ತಕ್ಷಣ ಗುರುತಿಸಿತು, ಏಕೆಂದರೆ ಬ್ಲೀಚಿಂಗ್ ಪುಡಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ (ಬಚ್ಚಲಿನ ಆಸಿಡ್ ಸಾಮಾನ್ಯವಾಗಿ ಇದೇ) ಹಾಕುವುದು ಕ್ಲೋರಿನ್ ಅನಿಲ ತಯಾರಿಸುವ ಪಠ್ಯಪುಸ್ತಕದ ವಿಧಾನ. ನಾವು ಅದನ್ನು ಗಾಜಿನ ಬಾಗಿಲಿನ ಧೂಮಕಪಾಟಿನೊಳಗೆ, ಫ್ಯಾನು ಹಾಕಿ, ಚಮಚದಷ್ಟೇ ಮಾಡುತ್ತಿದ್ದೆವು. ತಂಗಿ ಅದನ್ನು ನಾಲ್ಕಡಿ ಅಗಲದ ಬಚ್ಚಲಿನಲ್ಲಿ, ಅಂಗೈಯಗಲದ ಕಿಂಡಿಯ ಕೆಳಗೆ, ಮುಕ್ಕಾಲು ಲೀಟರ್ ಆಮ್ಲದಲ್ಲಿ ಮಾಡಿದ್ದಳು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೇರಿ ಕಿಂಡಿಯಿಂದ ಹೋಗುವುದಿಲ್ಲ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನಮ್ಮ ಹೆಂಗಸರು ಬಚ್ಚಲು ತಿಕ್ಕುವುದು ಕುಕ್ಕರಗಾಲಿನಲ್ಲಿ ಕುಳಿತು. ಮೂಗು ಇರುವುದೂ ಅಷ್ಟೇ ಎತ್ತರದಲ್ಲಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಎಂಬಲ್ಲಿ ಜರ್ಮನ್ ಸೈನ್ಯ ಇದೇ ಅನಿಲವನ್ನು ಗಾಳಿಗೆ ಬಿಟ್ಟಾಗ ಅದು ತಗ್ಗಿಗೆ ಹರಿದು, ಕಂದಕಗಳಲ್ಲಿ ಅಡಗಿದ್ದವರನ್ನೇ ಹುಡುಕಿಕೊಂಡು ಹೋಯಿತು.

ಅವಳನ್ನು ಎಳೆದು ಹೊರಗೆ ತಂದೆವು. ಕಣ್ಣು ಕೆಂಡವಾಗಿತ್ತು, ಕೆಮ್ಮಿನ ನಡುವೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಬಾಟಲಿಯಲ್ಲಿ ಏನಿತ್ತು? ಎಷ್ಟು ತೀವ್ರತೆಯದು?"

ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ. ಅದು ತಂಪು ಪಾನೀಯದ ಹಳೆಯ ಪ್ಲಾಸ್ಟಿಕ್ ಬಾಟಲಿ. ಕಿತ್ತಳೆ ಹಣ್ಣಿನ ಚಿತ್ರ ಇನ್ನೂ ಅರ್ಧ ಅಂಟಿಕೊಂಡಿತ್ತು. ಬೇರೆ ಒಂದಕ್ಷರವೂ ಇರಲಿಲ್ಲ. 31 ವರ್ಷ ಚೀಟಿ ಬರೆದವನು ವೈದ್ಯರ ಮುಂದೆ "ಗೊತ್ತಿಲ್ಲ" ಎಂದು ಹೇಳಬೇಕಾಯಿತು. ಕ್ಲೋರಿನ್ ಉಸಿರಾಡಿದವರ ಪುಪ್ಪುಸದಲ್ಲಿ ನೀರು ತುಂಬುವುದು ಕೆಲವು ಗಂಟೆ ಕಳೆದ ಮೇಲೂ ಆಗಬಹುದು ಎಂದು ಒಂದು ರಾತ್ರಿ ಇರಿಸಿಕೊಂಡರು, ಆಮ್ಲಜನಕ ಕೊಟ್ಟರು. ಪುಣ್ಯಕ್ಕೆ ಹುಷಾರಾದಳು. ಪಂಚಮಿಗೆ ಹತ್ತಿದ ಕೆಮ್ಮು ಗಣಪತಿ ಕೂರುವ ತನಕ ಬಿಡಲಿಲ್ಲ. ಜೋಕಾಲಿಯನ್ನು ಮೊಮ್ಮಕ್ಕಳೇ ಆಡಿದರು.

ಮನೆಗೆ ಬಂದವರೆಲ್ಲ ತಂಗಿಗೇ ಬುದ್ಧಿ ಹೇಳಿದರು: "ಅಷ್ಟೂ ತಿಳಿಯಬಾರದೆ?" ಹೇಗೆ ತಿಳಿಯಬೇಕು, ಸ್ವಾಮಿ? ಎರಡನ್ನೂ ಕೊಂಡದ್ದು ಸ್ವಚ್ಛ ಮಾಡಲಿಕ್ಕೆ. ಒಂದರ ಮೇಲೆ ಏನೂ ಬರೆದಿರಲಿಲ್ಲ. ಇನ್ನೊಂದರ ಮೇಲೆ ಹೊಳೆಯುವ ನೆಲದ ಚಿತ್ರವೂ ಬೆಲೆಯೂ ಇದ್ದವು. ಒಂದು ಸಾಬೂನಿನಿಂದ ಕೊಳೆ ಹೋಗದಿದ್ದರೆ ಇನ್ನೊಂದನ್ನು ಹಚ್ಚುವುದು ಲೋಕರೂಢಿ.

ಈಗ ಆ ಬಾಟಲಿಯ ವಿಚಾರಕ್ಕೆ ಬರುತ್ತೇನೆ. ಬ್ರ್ಯಾಂಡಿನ ಶೌಚಾಲಯ ದ್ರವಗಳಲ್ಲಿ ಸಾಮಾನ್ಯವಾಗಿ ಶೇಕಡಾ 10ರ ಆಸುಪಾಸು ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಕಲ್ಲಿಗೆ ಅಂಟಿಕೊಂಡಿರಲೆಂದು ಗಟ್ಟಿಕಾರಕ, ಜೊತೆಗೆ ನೀಲಿ ಬಣ್ಣ. ಕಾರ್ಖಾನೆಗಳಿಗೆ ಕ್ಯಾನುಗಳಲ್ಲಿ ಬರುವ ಆಮ್ಲದ ತೀವ್ರತೆ ಶೇಕಡಾ 30ರ ಮೇಲಿನದು. ಬೀದಿಯ ಬಾಟಲಿ ಇವೆರಡರ ನಡುವೆ ಎಲ್ಲಿಯಾದರೂ ಇರಬಹುದು, ತುಂಬುವವನು ಅಂದು ಎಷ್ಟು ನೀರು ಬೆರೆಸಿದನೋ ಅದರ ಮೇಲೆ. ತಂಗಿ ಗದಗಿಗೆ ಮರಳಿದ ಮೇಲೆ ಅದೇ ಮಾರಾಟಗಾರನಿಂದ ಎರಡು ವಾರದ ಅಂತರದಲ್ಲಿ ಎರಡು ಬಾಟಲಿ ಕೊಂಡೆ. ಹಳೆಯ ಸಹೋದ್ಯೋಗಿಯೊಬ್ಬರ ಕೈಕಾಲು ಹಿಡಿದು ಬ್ಯೂರೆಟ್ಟಿನಲ್ಲಿ ಅಳೆಸಿದೆ. ಬೆಲೆ ಒಂದೇ, ಬಣ್ಣ ಒಂದೇ, ತೀವ್ರತೆ ಬೇರೆ ಬೇರೆ. ಮಾರುವವನನ್ನು ಕೇಳಿದರೆ ಹೆಮ್ಮೆಯಿಂದಲೇ ಹೇಳಿದ: "ಕಂಪನಿಯದಕ್ಕಿಂತ ನಮ್ಮದು ಜೋರು, ಸರ್." ಅವನ ಕೈಬೆರಳುಗಳ ಚರ್ಮ ಸುಲಿದಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಕ್ಯಾನಿನಿಂದ ಕೊಳವೆ ಹಚ್ಚಿ ಬಾಯಿಯಿಂದ ಎಳೆದು ತುಂಬುತ್ತಾನಂತೆ. ಅದನ್ನು ಕೇಳಿದಾಗ ಮಾತ್ರ ಅವನ ಮೇಲೆ ರೇಗಿದೆ, ಬೇರೆ ಕಾರಣಕ್ಕೆ.

ಮಾನ್ಯ ಜಿಲ್ಲಾಧಿಕಾರಿಗಳೆ, ಇದಕ್ಕೆ ಕಾನೂನು ಇಲ್ಲವೆಂದಲ್ಲ. ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಅರ್ಜಿಯ ಮೇಲೆ 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ ಆದೇಶ ಕೊಟ್ಟಿದೆ. ಆಸಿಡ್ ಮಾರುವವರು ಕೊಂಡವರ ಹೆಸರು, ವಿಳಾಸ, ಪ್ರಮಾಣವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಭಾವಚಿತ್ರವಿರುವ ಗುರುತಿನ ಚೀಟಿ ನೋಡಿ, ಯಾತಕ್ಕೆಂದು ಕೇಳಿ ಕೊಡಬೇಕು. 18 ವರ್ಷದೊಳಗಿನವರಿಗೆ ಕೊಡಕೂಡದು. ದಾಸ್ತಾನನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿಯವರೆಗೆ ದಂಡ. ಅದೇ ಆದೇಶ ಕಾಲೇಜು ಪ್ರಯೋಗಾಲಯಗಳಿಗೂ ಅನ್ವಯ. ನಿವೃತ್ತಿಯ ದಿನದವರೆಗೂ ನಾನು ಆ ಪುಸ್ತಕ ಬರೆದಿದ್ದೇನೆ: ಇಂದು ಇಷ್ಟು ಮಿಲಿಲೀಟರ್, ಇಂಥ ತರಗತಿಗೆ, ಉಳಿದದ್ದು ಇಷ್ಟು, ಸಹಿ. ಬೀಗದ ಕಪಾಟಿನಲ್ಲಿದ್ದ ಆಮ್ಲಕ್ಕೆ ಅಷ್ಟು ಲೆಕ್ಕ. ಓಣಿಯಲ್ಲಿ ಹಾರ್ನ್ ಹೊಡೆಯುತ್ತ ಬರುವ ಆಮ್ಲವನ್ನು ನಮ್ಮ ಎಂಟು ವರ್ಷದ ಮೊಮ್ಮಗ ಐವತ್ತು ರೂಪಾಯಿ ಕೊಟ್ಟು ತರಬಲ್ಲ, ಚಿಲ್ಲರೆ ಸಮೇತ. ಹೆಸರಿನಲ್ಲಿ 'ಕ್ಲೀನರ್' ಎಂದು ಸೇರಿಸಿಕೊಂಡರೆ ಆಮ್ಲವು ಆಮ್ಲವಲ್ಲದೆ ಹೋಗುವುದೇ ಎಂಬುದನ್ನು ತಾವು ಬರವಣಿಗೆಯಲ್ಲಿ ಸ್ಪಷ್ಟಪಡಿಸಬೇಕು.

ಫಿನಾಯಿಲಿನ ಕಥೆ ಇನ್ನೂ ವಿಚಿತ್ರ. ಲಿಸ್ಟರ್ ಎಂಬ ಶಸ್ತ್ರವೈದ್ಯ 1867ರಲ್ಲಿ ಕಾರ್ಬಾಲಿಕ್ ಆಮ್ಲ, ಅಂದರೆ ಫೀನಾಲ್, ಗಾಯದ ಕೀವನ್ನು ತಡೆಯುತ್ತದೆ ಎಂದು ಪ್ರಕಟಿಸಿದ. ನಮ್ಮ ಫಿನಾಯಿಲಿಗೆ ಹೆಸರು ಬಂದದ್ದು ಆ ಕುಲದಿಂದ. ಕಪ್ಪು ಫಿನಾಯಿಲಿನಲ್ಲಿ ಇಂದಿಗೂ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರೆಸಾಲಿನಂಥ ಫೀನಾಲುಗಳಿರುತ್ತವೆ. ಬಿಳಿಯದು ಬಹುಮಟ್ಟಿಗೆ ಪೈನ್ ಎಣ್ಣೆ, ಎಣ್ಣೆಯನ್ನು ನೀರಿನಲ್ಲಿ ತೇಲಿಸುವ ಸಾಬೂನಿನಂಥ ವಸ್ತು, ಉಳಿದದ್ದು ನೀರು. ಕೊಠಡಿಯಲ್ಲಿ ಕುಳಿತು ಬಕೆಟ್ಟಿನಲ್ಲಿ ಕಲಸಿ ಕ್ಯಾನಿಗೆ ತುಂಬುವವರಿಗೂ ಬಹುಶಃ ತಿಳಿಯದ ಸಂಗತಿಯೆಂದರೆ, ಸೋಂಕುನಾಶಕ ದ್ರವಗಳು 1945ರ ಔಷಧ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಆ ನಿಯಮಗಳ ಅನುಸೂಚಿ 'ಓ'ದಲ್ಲಿ ಕಪ್ಪು ಮತ್ತು ಬಿಳಿ ದ್ರವಗಳಿಗೆಂದೇ ಒಂದು ಭಾಗವಿದೆ. ಅವುಗಳ ಬಲವನ್ನು ಅಳೆಯಲು ರಿಡೀಲ್-ವಾಕರ್ ಗುಣಾಂಕ ಎಂಬ ಅಳತೆ 1903ರಿಂದ ಇದೆ: ಟೈಫಾಯ್ಡ್ ರೋಗಾಣುವನ್ನು ಕೊಲ್ಲುವುದರಲ್ಲಿ ಇದು ಶುದ್ಧ ಫೀನಾಲಿಗಿಂತ ಎಷ್ಟು ಪಟ್ಟು ಎಂದು. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನಲ್ಲಿ ಸಂಜೆ ಐದು ಲೀಟರ್ ಕ್ಯಾನು ಕೊಳ್ಳುವವರು ಈ ಅಂಕಿಯನ್ನು ಕೇಳುವುದಿಲ್ಲ. ಎಷ್ಟು ಬೆಳ್ಳಗಾಗುತ್ತದೆ ಎಂದು ನೋಡುತ್ತಾರೆ. ಬೆಳ್ಳಗಾಗುವುದು ಎಣ್ಣೆಯ ಹನಿಗಳಿಂದ. ರೋಗಾಣುವಿಗೂ ಅದಕ್ಕೂ ಸಂಬಂಧವಿಲ್ಲ. ಮತ್ತು ಆ ಬಿಳುಪನ್ನು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ, ಹಿತ್ತಲ ಕಟ್ಟೆಯ ಮೇಲೆ ಇಟ್ಟರೆ, ಮೂರು ವರ್ಷದ ಮಗುವಿಗೆ ಅದು ಹಾಲಲ್ಲದೆ ಬೇರೆ ಏನಾಗಿ ಕಾಣಬೇಕು?

ಇಷ್ಟು ಹೇಳಿ ಸುಮ್ಮನಾದರೆ ದೊಡ್ಡ ಕಂಪನಿಗಳು ಮೀಸೆ ತಿರುವಿಯಾವು. ಅವರ ಬಾಟಲಿಗೆ ಚೀಟಿ ಇದೆ, ನಿಜ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿ ಹಿಟ್ಟು, ಸಕ್ಕರೆ, ಎಣ್ಣೆ, ಉಬ್ಬಿಸುವ ಸೋಡಾ ಎಲ್ಲವನ್ನೂ ಬರೆಯಬೇಕು. ಮುಖಕ್ಕೆ ಹಚ್ಚುವ ಕ್ರೀಮಿಗೂ ಹಾಗೆಯೇ. ಆದರೆ ನೆಲ ಒರೆಸುವ ದ್ರವಕ್ಕೂ ಭಾಂಡೆ ತಿಕ್ಕುವ ಸಾಬೂನಿಗೂ 2011ರ ಪೊಟ್ಟಣ ಸರಕುಗಳ ನಿಯಮ ಕೇಳುವುದು ತಯಾರಕರ ಹೆಸರು, ತೂಕ, ತಿಂಗಳು, ಬೆಲೆ, ದೂರಿಗೆ ವಿಳಾಸ ಇಂಥವನ್ನು. ಒಳಗೆ ಏನೇನಿದೆ ಎಂಬ ಪೂರ್ಣ ಪಟ್ಟಿಯನ್ನು ಅಲ್ಲ. ಹಾಗಾಗಿ ಒಂದೆರಡು ಹೆಸರುಗಳು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ, ಉಳಿದದ್ದೆಲ್ಲ 'ಪರಿಮಳ' ಎಂಬ ಒಂದು ಪದದ ಬೆನ್ನ ಹಿಂದೆ ಅಡಗುತ್ತದೆ. ಬೇರೆಡೆ ಬರೆಯುತ್ತಾರೆ. ಯುರೋಪಿನ ಒಕ್ಕೂಟದಲ್ಲಿ 2004ರ ಡಿಟರ್ಜೆಂಟ್ ನಿಯಮವಿದೆ. ಅಲ್ಲಿ ಅಲರ್ಜಿ ತರುವ ಪರಿಮಳದ್ರವ್ಯಗಳನ್ನೂ ಸಂರಕ್ಷಕಗಳನ್ನೂ ಹೆಸರಿಸಬೇಕು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿ, 2020ರಿಂದ ಅಂತರ್ಜಾಲದಲ್ಲೂ 2021ರಿಂದ ಬಾಟಲಿಯ ಮೇಲೂ ಬರೆಸುತ್ತಿದೆ. ಅಲ್ಲಿ ಬರೆಯಬಲ್ಲವರಿಗೆ ಇಲ್ಲಿ ಮಸಿ ಮುಗಿಯುತ್ತದೆಯೇ?

ಬರೆದರೆ ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ನಮ್ಮ ಓಣಿಯಲ್ಲಿ ನಾಲ್ಕು ಮನೆಯ ಭಾಂಡೆ ತಿಕ್ಕುವ ಹೆಣ್ಣುಮಗಳೊಬ್ಬಳ ಕೈ ಎರಡು ವರ್ಷದಿಂದ ಬಿರಿದು ತುರಿಸುತ್ತಿದೆ. ಭಾಂಡೆ ತಿಕ್ಕುವ ಪುಡಿಯಲ್ಲೂ ಸಾಬೂನಿನಲ್ಲೂ ಇರುವ ಎಲ್‌ಎಎಸ್ ಎಂಬ ನೊರೆಕಾರಕವೂ ಸೋಡಾ ಕ್ಷಾರವೂ ಚರ್ಮದ ಜಿಡ್ಡನ್ನು ತೆಗೆದುಬಿಡುತ್ತವೆ, ಪಾತ್ರೆಯ ಜಿಡ್ಡಿಗೂ ಕೈಯ ಜಿಡ್ಡಿಗೂ ಅವುಗಳಿಗೆ ಭೇದವಿಲ್ಲ. ದ್ರವಗಳು ಕೆಡದಿರಲೆಂದು ಹಾಕುವ ಮಿಥೈಲ್ ಐಸೋಥಯಜೋಲಿನೋನ್ ಎಂಬ ಸಂರಕ್ಷಕವಿದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ಅವಳ ಕೈಗೆ ಬಾಧೆ ಕೊಡುತ್ತಿರುವುದು ಅದೋ, ಸೋಡಾವೋ, ಪರಿಮಳವೋ? ಚೀಟಿ ಇದ್ದಿದ್ದರೆ ಚರ್ಮದ ವೈದ್ಯರು ಓದುತ್ತಿದ್ದರು. ಓದಲು ಅವಳಿಗೇ ಬರಬೇಕೆಂದಿಲ್ಲ.

ಇನ್ನು ನುಸಿಗುಳಿಗೆ. ನಮ್ಮ ಕಡೆಯವರು ಡಾಂಬರು ಗುಳಿಗೆ ಎನ್ನುತ್ತೇವೆ, ಅದು ನ್ಯಾಫ್ತಲೀನ್. ಕೌದಿಗಳನ್ನು ಟ್ರಂಕಿನಲ್ಲಿ ಇಡುವಾಗ ಮಡಿಕೆಗೊಂದರಂತೆ ಹಾಕುತ್ತೇವೆ, ಬಾಣಂತನ ಬಂದಾಗ ಅದೇ ಕೌದಿ ತೆಗೆದು ಕೂಸಿಗೆ ಹೊದಿಸುತ್ತೇವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಶಿಶುಗಳಲ್ಲಿ ಆ ವಾಸನೆಯೇ ಸಾಕು, ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರುತ್ತದೆ. ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ಮೊದಲೇ ತಿಳಿದಿರುವುದಿಲ್ಲ. ಕೌದಿಯನ್ನು ತೊಳೆದು ಬಿಸಿಲಿಗೆ ಹಾಕದೆ ಕೂಸಿನ ಹತ್ತಿರ ತರಬೇಡಿ. ಧಾರವಾಡದಲ್ಲಿ ಮಳೆಯಿದ್ದರೆ ಬೇರೆ ಹೊದಿಕೆ ಕೊಳ್ಳಿ.

ಇದನ್ನೆಲ್ಲ ಓದಿ, ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರಿಗೆ ಒಂದು ಮಾತು. ನಮ್ಮ ಅಜ್ಜಿ ಸವಳು ಮಣ್ಣಿನಲ್ಲಿ ಬಟ್ಟೆ ಒಗೆದವಳು, ಬೂದಿಯಲ್ಲಿ ಭಾಂಡೆ ತಿಕ್ಕಿದವಳು, ಅಂಟವಾಳ ಕಾಯಿಯ ನೊರೆಯಲ್ಲಿ ರೇಷ್ಮೆ ಸೀರೆ ತೊಳೆದವಳು. ಸವಳೂ ಬೂದಿಯೂ ಕ್ಷಾರಗಳೇ. ಅಜ್ಜಿಯ ಅಂಗೈ ಮುಟ್ಟಿದರೆ ಮರದ ತೊಗಟೆ ಮುಟ್ಟಿದಂತಿತ್ತು. ಮೊಬೈಲಿನಲ್ಲಿ ಹರಿದಾಡುವ 'ನೈಸರ್ಗಿಕ' ಉಪಾಯಗಳೂ ಹಾಗೆಯೇ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದರೆ ನೊರೆ ಚೆನ್ನಾಗಿ ಬರುತ್ತದೆ, ನೊರೆ ಇಳಿದ ಮೇಲೆ ಉಳಿಯುವುದು ಎರಡೂ ಗುಣ ಕಳೆದುಕೊಂಡ ಉಪ್ಪುನೀರು. ಅದರಿಂದ ಕೇಡಿಲ್ಲ. ಆದರೆ ಬ್ಲೀಚಿಂಗ್ ಪುಡಿಗೆ ನಿಂಬೆರಸವನ್ನೋ ವಿನೆಗರನ್ನೋ ಬೆರೆಸಿರಿ ಎನ್ನುವ ಮಹಾನುಭಾವರೂ ಇದ್ದಾರೆ. ನಿಂಬೆಯೂ ಆಮ್ಲ, ವಿನೆಗರೂ ಆಮ್ಲ. ಬರುವುದು ಅದೇ ಕ್ಲೋರಿನ್. ಅಮೋನಿಯ ಇರುವ ಗಾಜು ಒರೆಸುವ ದ್ರವ ಬೆರೆತರೆ ಕ್ಲೋರಮಿನ್ ಎಂಬ ಅದರ ದಾಯಾದಿ. ಬ್ಲೀಚಿಗೆ ನೀರಿನ ಹೊರತು ಬೇರೆ ಯಾರ ಸಹವಾಸವೂ ಬೇಡ. ಮತ್ತೊಂದು, ಹಳೆಯ ಮನೆಯವರಿಗೆ: ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಹಾಕಿದಾಗ ಏಳುವ ನೊರೆ ಕೊಳೆಯದಲ್ಲ, ಕಲ್ಲು ಕರಗುತ್ತಿರುವುದು. ತಾತ ಹಾಸಿದ ಪರಸಿಯನ್ನು ಪ್ರತಿ ಹಬ್ಬಕ್ಕೂ ಒಂದೊಂದು ಪದರ ತೊಳೆದು ಚರಂಡಿಗೆ ಬಿಡುತ್ತಿದ್ದೀರಿ.

ಮಾನ್ಯ ಆಯುಕ್ತರೆ, ತಮ್ಮಲ್ಲಿ ಎರಡು ಕೋರಿಕೆ. ಆಸ್ತಿ ತೆರಿಗೆಯ ರಸೀದಿ ಮನೆಮನೆಗೂ ಬರುತ್ತದೆ, ಅದರ ಹಿಂಬದಿ ಖಾಲಿ. ಅಲ್ಲಿ ದಪ್ಪ ಕನ್ನಡದಲ್ಲಿ ಅಚ್ಚು ಹಾಕಿಸಿ: ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆಸಬೇಡಿ. ಕಣ್ಣಿಗೆ ಬಿದ್ದರೆ ಹದಿನೈದು-ಇಪ್ಪತ್ತು ನಿಮಿಷ ನೀರು ಹರಿಸಿ. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ. ಬಾಟಲಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಅದರ ಕೆಳಗೆ ದೆಹಲಿಯ ಏಮ್ಸ್‌ನಲ್ಲಿ 1995ರಿಂದ ಇರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಆದರೆ ಆ ಕಡೆಯವರು ಮಾತಾಡುವ ಭಾಷೆಯಲ್ಲಿ ನಮ್ಮ ಓಣಿಯ ಅಜ್ಜಿ ಏನು ಹೇಳಬಲ್ಲಳು? ಅದಕ್ಕೆ ಕನ್ನಡದಲ್ಲಿ ಉತ್ತರಿಸುವ ಒಂದು ಮೇಜನ್ನು ನಾವು ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೆರೆಯಲು ಜಿಲ್ಲಾಡಳಿತವೂ ತಾವೂ ಕೂಡಿ ಸರ್ಕಾರಕ್ಕೆ ಬರೆಯಬೇಕು.

ಎರಡನೆಯದು ಪೌರಕಾರ್ಮಿಕರದು. ಬ್ಲೀಚಿಂಗ್ ಪುಡಿಯನ್ನು ಬರಿಗೈಯಲ್ಲಿ ಎರಚುವವರನ್ನು ನಾನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ, ಮುಖಕ್ಕೆ ಸೆರಗೇ ಗತಿ. 2020ರಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಮೈಮೇಲೆ ಬ್ಲೀಚ್ ದ್ರವ ಸಿಂಪಡಿಸಿದ್ದು ನೆನಪಿರಬಹುದು. ಆ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಮನುಷ್ಯರ ಮೇಲೆ ಸಿಂಪಡಿಸಬೇಡಿ ಎಂದು ಹೇಳಬೇಕಾಯಿತು. ಅದು ನೆಲಕ್ಕೂ ಮೇಜಿಗೂ ಹೇಳಿದ ದ್ರವವೆಂದು ಸಿಂಪಡಿಸುವವರಿಗೆ ಯಾರೂ ಹೇಳಿರಲಿಲ್ಲವೇನೋ. ನಮ್ಮ 82 ವಾರ್ಡುಗಳಲ್ಲಿ ಕೈಗವಸು ಕೊಡುವ ದಿನವೇ ಅರ್ಧ ತಾಸು, ಯಾವ ಪುಡಿ ಯಾವುದರ ಜೊತೆ ಸೇರಬಾರದು ಎಂದು ತೋರಿಸಿಕೊಟ್ಟರೆ ಸಾಕು. ಕರೆದರೆ ನಾನೇ ಬಂದು ತೋರಿಸುತ್ತೇನೆ, ಭತ್ಯೆ ಬೇಡ.

ಜಿಲ್ಲಾಧಿಕಾರಿಗಳಲ್ಲಿ ಕೋರಿಕೆ ಒಂದೇ: ತಿನ್ನುವ, ಕುಡಿಯುವ ಪದಾರ್ಥದ ಹಳೆಯ ಬಾಟಲಿಗಳಲ್ಲಿ ಆಸಿಡ್, ಫಿನಾಯಿಲ್ ತುಂಬಿ ಮಾರುವುದು ಈ ಜಿಲ್ಲೆಯಲ್ಲಿ ನಿಲ್ಲಲಿ. ಮಾರುವವನ ಹೊಟ್ಟೆಯ ಮೇಲೆ ಹೊಡೆಯಬೇಕಿಲ್ಲ. ಅವನಿಗೆ ಒಂದು ಪರವಾನಗಿ, ಒಂದು ದಾಖಲೆ ಪುಸ್ತಕ, ಮಕ್ಕಳಿಗೆ ತೆರೆಯಲು ಬಾರದ ಮುಚ್ಚಳದ ಬಾಟಲಿ, ಕನ್ನಡದಲ್ಲಿ ಮೂರು ಸಾಲಿನ ಚೀಟಿ: ಒಳಗೇನಿದೆ, ಶೇಕಡಾ ಎಷ್ಟು, ಯಾವುದರ ಜೊತೆ ಬೆರೆಸಬಾರದು.

ತಂಗಿಯ ಆ ಬಾಟಲಿ ಇನ್ನೂ ನನ್ನ ಬಳಿ ಇದೆ, ತಳದಲ್ಲಿ ಎರಡು ಬೆರಳಿನಷ್ಟು ಉಳಿದಿದೆ. ಕಿತ್ತಳೆ ಚಿತ್ರವನ್ನು ಕೆರೆದು ತೆಗೆದು, ಹಳೆಯ ಅಭ್ಯಾಸದಂತೆ ಚೀಟಿ ಬರೆದು ಅಂಟಿಸಿ, ಮೊಮ್ಮಕ್ಕಳ ಕೈಗೆಟುಕದ ಅಟ್ಟದಲ್ಲಿ ಇಟ್ಟಿದ್ದೇನೆ. ಪರಿಶೀಲನೆಗೆ ಬೇಕಾದರೆ ಕೊಡುತ್ತೇನೆ. ಚಿಗರಿ ಬಸ್ಸಿನಲ್ಲಿ ಆಸಿಡ್ ಹಿಡಿದುಕೊಂಡು ಬರುವಂತಿಲ್ಲವಾದ್ದರಿಂದ ದಯವಿಟ್ಟು ಯಾರನ್ನಾದರೂ ಕಳುಹಿಸಿಕೊಡಿ; ಪಡೆದುಕೊಂಡದ್ದಕ್ಕೆ ಸಹಿ ಹಾಕಲು ಪುಸ್ತಕ ನನ್ನ ಹತ್ತಿರವೇ ಇದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ಸಹಾಯಕ
ನವನಗರ, ಹುಬ್ಬಳ್ಳಿ